ಕೂಡದೆ ಬಿಟ್ಟ ಬಳ್ಳಿ

ಕಾಕಾ ಅವರ ಎಡಗೈ ಹೆಬ್ಬೆರಳಿನ ಉಗುರಿಗೆ ದಿನಕ್ಕೊಂದು ಬಣ್ಣ. ಕುಂಚವನ್ನು ಕಾಗದಕ್ಕೆ ತಾಗಿಸುವ ಮೊದಲು ಉಗುರಿನ ಮೇಲೆ ಒಮ್ಮೆ ಎಳೆದು, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೆಲಸಕ್ಕಿಳಿಯುತ್ತಿದ್ದರು. ಸಂಜೆ ಆ ಉಗುರು ನೋಡಿದವರು ಅವರು ಅಂದು ಯಾವ ಬಣ್ಣದ ಸೀರೆ ಬರೆದರೆಂದು ಹೇಳಬಹುದಿತ್ತು. ಏನನ್ನೂ ಮುಚ್ಚಿಡದ ಮನುಷ್ಯ. ನನಗೆ ಅವರ ಮೇಲೆ ಅನುಮಾನ ಹುಟ್ಟಿದ್ದೇ ಅದರಿಂದ.

ಸೂರತ್ತಿನ ಕತಾರ್‌ಗಾಮ್‌ನಲ್ಲಿ, ಕಸೂತಿ ಯಂತ್ರಗಳ ಸದ್ದಿನ ಮೇಲೆ, ಮೂರನೇ ಮಹಡಿಯಲ್ಲಿ ಸೀರೆಗಳಿಗೆ ಡಿಸೈನ್ ಬರೆಯುವ ನಮ್ಮ ಕೋಣೆ. ನಾನು ತುಮಕೂರಿನವಳು, ವಡೋದರಾದಲ್ಲಿ ಚಿತ್ರಕಲೆ ಓದಿ ಅಲ್ಲಿಗೆ ಸೇರಿದ್ದೆ. ಅವರು ರಬಕವಿ ಕಡೆಯ ನೇಕಾರರ ಮನೆಯವರು, ಸೂರತ್ತಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಗುಜರಾತಿಗಳೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಕಾಕಾ ಎಂದೆ.

ಇಲ್ಲಿ ಇಂದು ಬರೆದ ಹೂವು ವಾರದೊಳಗೆ ಬೇರೆಯವರ ಅಂಗಡಿಯಲ್ಲಿ ಅರಳಿರುತ್ತದೆ ಎಂದು ಸೇರಿದ ದಿನವೇ ಯಾರೋ ಎಚ್ಚರಿಸಿದ್ದರು. ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡೆ. ಒಳಗಿದ್ದದ್ದು ಒಂದೇ ಡಿಸೈನ್: ನೆಲದ ತುಂಬ ಉದುರಿದ ಹೊಂಗೆ ಹೂವು. ಇಂಥದ್ದು ನನಗೆ ಇನ್ನೊಂದು ಹೊಳೆಯುವುದಿಲ್ಲ, ಇದನ್ನು ಕೊಟ್ಟುಬಿಟ್ಟರೆ ನಾಳೆ ಬರಿಗೈ ಎಂಬ ಭಯ. ಒಂದು ವರ್ಷಕ್ಕೂ ಹೆಚ್ಚು ಅದನ್ನು ಬಚ್ಚಿಟ್ಟು, ಮಾಲೀಕ ಶೇಠ್‌ಗೆ ಸಪ್ಪೆ ಸಪ್ಪೆ ಹೂಗಳನ್ನೇ ಬರೆದು ಕೊಡುತ್ತಿದ್ದೆ. ಅವರಿಗೂ ಸಾಕಾಗಿತ್ತು. “ದೀಪಾವಳಿವರೆಗೆ ನೋಡೋಣ, ಆಮೇಲೆ ಬೇರೆ ಕಡೆ ನೋಡಿಕೋ” ಎಂದಿದ್ದರು.

ಕಾಕಾ ಮಾತ್ರ ದಿನವೂ ನನ್ನ ಮೇಜಿನ ಹತ್ತಿರ ಬಂದು ಬಗ್ಗುವರು. “ಏನ್ ಬರ್ಯಾಕತ್ತಿ ತಂಗಿ?”

“ಏನಿಲ್ಲ ಕಾಕಾ, ಸುಮ್ಮನೆ” ಎಂದು ಹಾಳೆ ಮಗುಚುತ್ತಿದ್ದೆ.

ಅವರೋ, ಚಹಾ ಕುಡಿಯಲು ಬಂದ ಬೇರೆ ಕಾರ್ಖಾನೆಯವರಿಗೂ ಬಟರ್ ಪೇಪರಿನಲ್ಲಿ ಗೀಚಿ, “ಹಿಂಗ ಮಾಡಿ ನೋಡ್ರಿ” ಎಂದು ಕೊಟ್ಟು ಕಳಿಸುವರು. ಇಷ್ಟು ಸುರಿಯುವವರು ಎಲ್ಲಿಂದಲೋ ತುಂಬಿಕೊಳ್ಳುತ್ತಿರಲೇಬೇಕಲ್ಲ. ಎಲ್ಲಿಂದ? ನನ್ನ ಮೇಜಿನಿಂದಲೇ ಇರಬೇಕು ಎನಿಸಿತು.

ಒಂದು ದಿನ ಬಲೆ ಹಾಕಿದೆ. ಸೀರೆಯಲ್ಲಿ ಒಂದೇ ಚೌಕ ಮತ್ತೆ ಮತ್ತೆ ಅಚ್ಚಾಗುತ್ತದೆ. ಒಂದು ಚೌಕದ ಅಂಚಿಗೆ ಬಂದು ನಿಂತ ಬಳ್ಳಿ ಮುಂದಿನ ಚೌಕದ ಬಳ್ಳಿಗೆ ಕೂಡಲೇಬೇಕು, ಇಲ್ಲದಿದ್ದರೆ ಬಟ್ಟೆ ಪೂರ್ತಿ ಕೆಟ್ಟಂತೆ. ಐದು ನಿಮಿಷದಲ್ಲಿ ಒಂದು ಬಳ್ಳಿ ಗೀಚಿ, ಬೇಕೆಂದೇ ಅಂಚಿನಲ್ಲಿ ಕೂಡದಂತೆ ಬೆರಳಗಲ ತಪ್ಪಿಸಿ, ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋದೆ. ಆ ತಪ್ಪು ಯಾರ ಕೆಲಸದಲ್ಲಿ ಕಾಣಿಸುತ್ತದೋ ಅವರೇ ಕಳ್ಳರು. ಬಂದು ನೋಡಿದರೆ ಹಾಳೆ ಇರಲಿಲ್ಲ.

ಮೂರನೇ ದಿನ ಕಾಕಾ ಶೇಠ್ ಮುಂದೆ ಹತ್ತು ಹಾಳೆ ಹರಡಿದರು. ಎಲ್ಲದರಲ್ಲೂ ನನ್ನ ಬಳ್ಳಿ, ನನ್ನ ತಪ್ಪೂ ಸಹ. ನನ್ನ ಮೈ ಉರಿದುಹೋಯಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವರೇ ತಮ್ಮ ಹರುಕು ಹಿಂದಿಯಲ್ಲಿ ಹೇಳಿದರು: “ಇದು ಈ ಹುಡುಗಿಯ ಐಡಿಯಾ. ನಾನು ಬರೀ ಮುಂದಕ್ಕೆ ಎಳೆದೆ.”

ಬಳ್ಳಿ ಕಡಿದಲ್ಲಿ ಒಂದರಲ್ಲಿ ಗುಬ್ಬಿ ಕೂತಿತ್ತು, ಇನ್ನೊಂದರಲ್ಲಿ ಒಂದೇ ಎಲೆ ಉದುರುತ್ತಿತ್ತು, ಮತ್ತೊಂದರಲ್ಲಿ ಏನೂ ಇಲ್ಲ, ಬರೀ ಜಾಗ. ಶೇಠ್ ಆರು ಹಾಳೆಗಳನ್ನು ಎತ್ತಿಕೊಂಡರು. “ಇದನ್ನೆಲ್ಲ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?” ಎಂದು ನನ್ನನ್ನೇ ಕೇಳಿದರು. ನನ್ನ ಕೆಲಸ ಉಳಿಯಿತು.

ನಾನು ಕೃತಜ್ಞತೆ ಹೇಳಲಿಲ್ಲ. ಇದಕ್ಕೆ ಬದಲಾಗಿ ಏನು ಕೇಳುತ್ತಾರೋ ಎಂದು ವಾರವಿಡೀ ಕಾದೆ. ಏನೂ ಕೇಳಲಿಲ್ಲ. ಕೊನೆಗೆ ತಡೆಯಲಾರದೆ, ಊಟದ ಹೊತ್ತಿನಲ್ಲಿ ನಾನೇ ಕೇಳಿದೆ. “ಕಾಕಾ, ನಿಮ್ಮದೇ ಅಂತ ಹೇಳ್ಬಹುದಿತ್ತಲ್ಲ. ಎಲ್ಲಾ ಹೀಗೆ ಕೊಟ್ಬಿಟ್ರೆ ನಿಮಗೇನು ಉಳಿಯುತ್ತೆ?”

ಅವರು ಡಬ್ಬಿಯ ಮೊಸರನ್ನ ಕಲಸುತ್ತಾ ನಕ್ಕರು. “ನಿಮ್ಮವ್ವ ಬಾಜೂ ಮನಿಯವರಿಗೆ ಹೆಪ್ಪು ಕೊಡ್ತಿದ್ದಿಲ್ಲೇನು? ಕೊಟ್ಟರ ನಿಮ್ಮ ಮನ್ಯಾಗ ಮೊಸರು ಕಡಿಮಿ ಆತೇನು? ಬಚ್ಚಿಟ್ಟರ ನಾಕ್ ದಿನಕ್ಕ ಹುಳಿ ಆಗತೈತಿ, ಅಷ್ಟ.”

ಕೊರಳ ಕೀಲಿ ತೆಗೆದು ಹೊಂಗೆ ಹೂವನ್ನು ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು.

“ಚಂದ ಐತಿ. ಆದರ ಇದು ಒಂದ ಅಲ್ಲ ತಂಗಿ. ಐದು ಸೀರಿ ಒಂದರಾಗ ತುರುಕೀದಿ. ಮುಂದ ಮತ್ತ ಹೊಳಿಯೂದಿಲ್ಲ ಅಂತ ಹೆದರೀದಿ.”

ಅಷ್ಟು ದಿನ ಯಾರಿಗೂ ಹೇಳದ ಭಯವನ್ನು ಅವರು ಹಾಳೆಯ ಮೇಲೆ ಓದಿಬಿಟ್ಟಿದ್ದರು. ನನಗೆ ಅಳು ಬಂತು. ಅಂದೇ ಅದನ್ನು ಬಿಡಿಸಿ ಬೇರೆ ಬೇರೆ ಮಾಡಲು ಕೂತೆವು. ಐದನೆಯದು ಬರೆಯುತ್ತಿರುವಾಗ ಆರನೆಯದು ಹೊಳೆಯಿತು. ಅಲ್ಲಿಂದ ಈಚೆಗೆ ನನ್ನ ಡ್ರಾಯರಿಗೆ ಬೀಗವಿಲ್ಲ.

ಕಳೆದ ಚಳಿಗಾಲದಲ್ಲಿ ಕಾಕಾ ಎದೆನೋವಿನಿಂದ ತೀರಿಕೊಂಡರು. ಅವರ ಮೇಜು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ: ಇಷ್ಟೆಲ್ಲ ಹಂಚಿದವರು ಒಳ್ಳೊಳ್ಳೆಯದನ್ನು ತಮಗೆಂದು ಎತ್ತಿಟ್ಟುಕೊಂಡೇ ಇರುತ್ತಾರೆ ಎಂದುಕೊಂಡು ಡ್ರಾಯರ್ ಎಳೆದೆ. ಮೊಂಡು ಪೆನ್ಸಿಲ್ಲುಗಳು, ಕುಂಚ ಒರೆಸುವ ಬಟ್ಟೆ. ತಳದಲ್ಲಿ ಒಂದೇ ಒಂದು ಹಾಳೆ, ನನ್ನ ಬಲೆಯ ಬಳ್ಳಿ. ತಪ್ಪಿಸಿದ ಜಾಗಕ್ಕೆ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿ ಪಕ್ಕದಲ್ಲಿ ಬರೆದಿದ್ದರು: ‘ತಂಗಿ ಬೇಕಂತ ಬಿಟ್ಟಾಳ.’

ಬಲೆಯೆಂದು ಗೊತ್ತಾಗಿತ್ತೋ, ಜಾಣತನವೆಂದು ಮೆಚ್ಚಿದ್ದರೋ, ಕೇಳಲು ಅವರಿಲ್ಲ. ನಾನೂ ಕೊನೆಯವರೆಗೆ ಬಾಯಿ ಬಿಡಲಿಲ್ಲ. ಆದರೆ ನನ್ನ ಅನುಮಾನ ಪೂರ್ತಿ ಸುಳ್ಳಾಗಲಿಲ್ಲ. ನನ್ನದೊಂದು ಹಾಳೆಯನ್ನು ಕಾಕಾ ಕದ್ದೇ ಇಟ್ಟುಕೊಂಡಿದ್ದರು.