ಕೊನೆಯ ತಿರುವಿನಲ್ಲಿ ನಿಲ್ಲುವ ಭಾವ

"ಲಾಳ ಬಿಚ್ಚಿ ತೋರಿಸು ಅಂದ್ರೆ ತೋರಿಸ್ಬೇಕು ಭಾವ, ನೆಂಟಸ್ತನ ಎಲ್ಲ ಆಮೇಲೆ!"

"ಬಿಚ್ತೀನಮ್ಮಾ ತಾಯಿ. ಬೇಕಾದ್ರೆ ನನ್ನ ಹಲ್ಲೂ ಕಿತ್ತು ತೂಕ ಹಾಕು," ಎಂದ ಭಾವ, ಕುದುರೆಯ ಮುಂಗಾಲನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು.

ಅವಳಿಗೆ ನಗು ಬರಲಿಲ್ಲ. ಎರಡು ಗಾಲಿಯ ಹಗುರ ಗಾಡಿಯಲ್ಲಿ, ಕುದುರೆಯ ಬಾಲ ಮೂಗಿಗೇ ಬಡಿಯುವಷ್ಟು ಹತ್ತಿರ ಕೂತು ಪಂದ್ಯ ಓಡಿಸುವವಳು ಅವಳು. ಈ ಪಂದ್ಯದ ಮಜಾ ನೋಡಿ, ಕುದುರೆ ಟ್ರಾಟ್ ಲಯದಲ್ಲೇ, ಅಂದರೆ ತಾಳ ತಪ್ಪದ ಕುಕ್ಕುಲೋಟದಲ್ಲೇ ಓಡಬೇಕು. ಹುರುಪು ತಡೆಯಲಾರದೆ ನಾಗಾಲೋಟ ಕಿತ್ತಿತೋ, ಗೆಲ್ಲುವುದು ಹಾಗಿರಲಿ, ಲಗಾಮು ಜಗ್ಗಿ ಹಿಂದೆ ಬೀಳಬೇಕು! ಅವಳ ಕುದುರೆ ಕಳೆದೆರಡು ಪಂದ್ಯಗಳಲ್ಲೂ ಕೊನೆಯ ತಿರುವಿನಲ್ಲಿ ಹಾಗೇ ಮಾಡಿತ್ತು. ಇನ್ನೊಮ್ಮೆ ಆದರೆ ಲಗಾಮು ಬೇರೆಯವರ ಕೈಗೆ ಎಂದು ಕುದುರೆಯ ಯಜಮಾನರು ಹೇಳಿಬಿಟ್ಟಿದ್ದರು.

ಮುಂಗಾಲಿನ ಲಾಳ ಒಂಚೂರು ಹಗುರಾದರೂ ಲಯ ತಪ್ಪುತ್ತದೆ. ಲಾಳ ಕಟ್ಟುವವನು ಭಾವ. ಈಚೆಗೆ ಅವನು ಎದುರಾಳಿಯ ಲಾಯಕ್ಕೂ ಹೋಗುತ್ತಿದ್ದ. ಅನುಮಾನಕ್ಕೆ ಇನ್ನೇನು ಬೇಕು!

ಲಾಳಗಳು ತಕ್ಕಡಿ ಏರಿದವು. ತೂಕ ಮೊದಲಿನಷ್ಟೇ, ಕೂದಲೆಳೆಯಷ್ಟೂ ಕಮ್ಮಿಯಿಲ್ಲ.

"ತಕ್ಕಡಿನೂ ನಿಂದೇ ತಾನೆ?"

"ನಿಮ್ಮಕ್ಕನೇ ವಾಸಿ. ಅವಳು ಬರೀ ಜೇಬು ತಡಕ್ತಾಳೆ!"

ಲಾಳ ಮತ್ತೆ ಕಾಲಿಗೇರಿತು. ಓಡಿಸಿ ನೋಡೋಣವೆಂದು ಅವಳು ಗಾಡಿ ಹೂಡಿ ಪಕ್ಕದ ಪಂದ್ಯದ ಹಾದಿಗೆ ಇಳಿದಳು. ಭಾವ ಎಂದಿನಂತೆ ಕೊನೆಯ ತಿರುವಿನ ಕಟಕಟೆಗೆ ಒರಗಿ ನಿಂತ. ಕುದುರೆ ಟಕಟಕ ಎಂದು ತಾಳ ಹಾಕುತ್ತ ಬಂತು, ಬಂತು, ತಿರುವು ಹಿಡಿಯಿತು, ಹಿಡಿದದ್ದೇ ತಡ ನಾಗಾಲೋಟ!

"ನೀನು ಏನೋ ಮಾಡ್ದೆ!" ಎಂದು ಅವಳು ಗಾಡಿ ನಿಲ್ಲಿಸಿ ಕಿರುಚಿದಳು.

"ನಾನು ಆಕಳಿಸ್ದೆ ಅಷ್ಟೇ. ನೀನ್ಯಾಕೆ ನನ್ನೇ ನುಂಗೋ ಹಾಗೆ ತಿರುಗಿ ನೋಡ್ದೆ? ತಲೆ ಜೊತೆ ಕೈನೂ ತಿರುಗ್ತು, ಒಂದು ಲಗಾಮು ಬಿಗೀತು, ಇನ್ನೊಂದು ಸಡಿಲ ಆಯ್ತು. ಪಾಪ, ಅದರ ಬಾಯಿ ಏನು ಮಾಡ್ಬೇಕು? ಪಂದ್ಯದಲ್ಲೂ ಹೀಗೇ ನೋಡಿದ್ಯಾ?"

ನೋಡಿದ್ದಳು. ಎರಡು ಸಲವೂ. ಅವನು ಯಾರಿಗಾದರೂ ಸನ್ನೆ ಮಾಡುತ್ತಾನೇನೋ ಎಂದು. ಅವಳ ಕಿವಿ ಬಿಸಿಯಾಯಿತು.

"ಸರಿ, ನೀನ್ಯಾಕೆ ಅದೇ ಜಾಗದಲ್ಲಿ ನಿಲ್ತೀಯ?"

"ಅಲ್ಲಿಂದ ಕಾಲು ಚೆನ್ನಾಗಿ ಕಾಣುತ್ತೆ. ನಾನು ಕಟ್ಟಿದ ಲಾಳ ತಾನೆ?"

ಅರ್ಧ ನಂಬಿದಳು. ಉಳಿದರ್ಧವನ್ನು ಎಲ್ಲಿಡುವುದೆಂದು ಒಂದು ಕ್ಷಣ ಯೋಚಿಸಿದಳು.

"ಮುಂದಿನ ವಾರ ಪಂದ್ಯಕ್ಕೆ ಮುಂಚೆ ಮತ್ತೆ ಬರ್ತೀನಿ, ಅಕ್ಕನ್ನೂ ಕರ್ಕೊಂಡು. ಪಂದ್ಯ ಮುಗಿಯೋವರೆಗೂ ನೀನು ಅವಳ ಪಕ್ಕ ಇಲ್ಲೇ ಕೂತಿರು."

"ಅವಳ್ಯಾಕೆ?"

"ನಿನ್ನ ನೋಡ್ಕೊಳ್ಳೋಕೆ. ನಾನು ಕುದುರೆ ನೋಡ್ಕೋಬೇಕಲ್ಲ!"