ಮೂರನೆಯ ಫೋನು

ನಮ್ಮ ಕಡೆ ಕೆಲಸಕ್ಕೆ ಅರ್ಜಿ ಹಾಕುವುದು ಮಕ್ಕಳ ಪಾಲು, ‘ಹೇಳಿಸುವುದು’ ಅಪ್ಪಂದಿರ ಪಾಲು. ದೊಡ್ಡವರಿಂದ ಒಂದು ಮಾತು ಹೇಳಿಸದೆ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿಯುವ ಕೆಲಸವೂ ಸಿಗುವುದಿಲ್ಲ ಎಂದು ಮಂಡ್ಯ, ಮದ್ದೂರು, ಮಳವಳ್ಳಿಯ ಜನ ಗಟ್ಟಿಯಾಗಿ ನಂಬಿದ್ದಾರೆ. ನಾನು ಗೆಜ್ಜಲಗೆರೆಯ ಒಂದು ಗಾರ್ಮೆಂಟ್ಸಿನಲ್ಲಿ ಜನರನ್ನು ಕೆಲಸಕ್ಕೆ ಆರಿಸುವವಳು. ಈ ಹೇಳಿಸುವವರ ಕಾಟಕ್ಕೆ ನನ್ನ ತಲೆ ಎಷ್ಟು ಸಲ ಕೆಟ್ಟಿದೆಯೋ ದೇವರೇ ಬಲ್ಲ. ಪೂರಿಗಾಲಿ ಕಡೆಯ ಆ ಒಬ್ಬ ಅಪ್ಪ ಕೆಡಿಸಿದಷ್ಟು ಮಾತ್ರ ಯಾರೂ ಕೆಡಿಸಿಲ್ಲ.

ಹೊಸ ಲೈನಿಗೆ ಸೂಪರ್‌ವೈಸರ್ ಬೇಕಾಗಿತ್ತು. ಲೈನು ಎಂದರೆ ಸಾಲಾಗಿ ಕೂತು ಒಂದೇ ಅಂಗಿಯ ಬೇರೆ ಬೇರೆ ಭಾಗ ಹೊಲಿಯುವ ಹೆಂಗಸರ ತಂಡ. ಆ ಅಪ್ಪನ ಮಗಳು ಮದ್ದೂರಿನ ಹತ್ತಿರ ಬೇರೊಂದು ಕಡೆ ಹೊಲಿಯುತ್ತಿದ್ದವಳು. ಅದು ಮುಚ್ಚಿದ ಮೇಲೆ ಮನೆಯಲ್ಲಿದ್ದಳು. ಇಂಟರ್‌ವ್ಯೂ ಮುಗಿದರೂ ಕುರ್ಚಿ ಬಿಟ್ಟು ಏಳಲಿಲ್ಲ.

“ಈ ಕೆಲ್ಸ ಸಿಕ್ನಿಲ್ಲ ಅಂದ್ರೆ ನಮ್ಮ ಸೋದರಮಾವುಂಗೆ ಕೊಟ್ಬುಡ್ತಾರೆ ಮೇಡಂ. ನಂಗೆ ಬ್ಯಾಡ. ಕೆಲ್ಸ ಆದ್ರೆ ಎಲ್ರುನ್ನೂ ತಡೀತೀನಿ ಅಂತ ನಮ್ಮಪ್ಪ ಏಳವ್ರೆ.”

ಪಾಪ ಅನ್ನಿಸಿತು. ಆದರೆ ಪಾಪ ಅಂತ ಯಾರನ್ನೂ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಅವರಿಗೂ ಕಷ್ಟ, ಲೈನಿನವರಿಗೂ ಕಷ್ಟ. ಬಾಯಿಮಾತು ಕೇಳಿ ಕೆಲಸ ಕೊಡುವವರನ್ನು ಕಂಡರೂ ನನಗೆ ಆಗುವುದಿಲ್ಲ. ಕೊನೆಗೆ ಉಳಿದವರನ್ನು ಒಂದೆರಡು ಗಂಟೆ ಲೈನಿಗೆ ಬಿಟ್ಟು ನೋಡುವುದು ನನ್ನ ಪದ್ಧತಿ. ಅವಳನ್ನೂ ಇನ್ನೊಬ್ಬಳನ್ನೂ ಮಾರನೆಯ ದಿನ ಬರಲು ಹೇಳಿದೆ.

ಬೆಳಿಗ್ಗೆ ಬಸ್ಸಿಳಿದು ಒಳಗೆ ಹೋಗುವಷ್ಟರಲ್ಲಿ ಮ್ಯಾನೇಜರ್ ಮುಖ ಕೆಂಪಗೆ ಮಾಡಿಕೊಂಡು ನನ್ನ ಟೇಬಲ್ಲಿನ ಮುಂದೆ ನಿಂತಿದ್ದರು. ಆ ಹುಡುಗಿಯ ಪರವಾಗಿ ಅವಳ ಊರಿನ ಲೀಡರೊಬ್ಬ ಅವರಿಗೆ ಫೋನು ಮಾಡಿದ್ದ. ಅದನ್ನು ಇಡುವುದರೊಳಗೆ, ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಆ ಲೀಡರಿಗೆ ಎದುರು ನಿಂತಿದ್ದವನೂ ಫೋನು ಮಾಡಿದ್ದ. ಒಬ್ಬನ ಮಾತು ನಡೆಯದಿದ್ದರೆ ಇನ್ನೊಬ್ಬನದಾದರೂ ನಡೆಯಲಿ ಎಂದು ಅಪ್ಪ ಇಬ್ಬರ ಮನೆಗೂ ಹೋಗಿ ಬಂದಿದ್ದನಂತೆ. ಎಂಥ ಬುದ್ಧಿವಂತ ನೋಡಿ.

“ಕೆಲ್ಸ ಕೊಟ್ರೆ ಯಾರ್ ಮಾತಿಗೆ ಕೊಟ್ಟೆ ಅಂತ ಇಬ್ರೂ ಬಂದು ನನ್ ಕುತ್ತಿಗೆ ಹಿಡೀತಾರೆ,” ಎಂದರು ಮ್ಯಾನೇಜರ್. “ಇನ್ನೊಂದು ಫೋನ್ ಬರ್ಲಿ, ಅವಳ್ನ ಅಲ್ಲಿಗೇ ಕೈಬಿಡಿ. ನನ್ ಹತ್ರ ವಾದ ಮಾಡ್ಬೇಡಿ.”

ವಾದ ಮಾಡಲಿಲ್ಲ. ಹುಡುಗಿಗೂ ಹೇಳಲಿಲ್ಲ, ಹೇಳಿದ್ದರೆ ಅವಳ ಗಮನವೆಲ್ಲ ಫೋನಿನ ಮೇಲೇ ಇರುತ್ತಿತ್ತು.

ಮೊದಲು ಇನ್ನೊಬ್ಬಳು ಲೈನು ನೋಡಿಕೊಂಡಳು. ಅಂಗಿಗೆ ತೋಳು ಹಚ್ಚುವ ಹೆಂಗಸಿನ ಮುಂದೆ ಬಟ್ಟೆ ಗುಡ್ಡೆಯಾಗಿ, ಅವಳ ನಂತರದವರೆಲ್ಲ ಬಟ್ಟೆ ಬಾರದೆ ಕೈಕಟ್ಟಿ ಕೂರುವಂತಾಯಿತು. ಆ ಇನ್ನೊಬ್ಬಳು ಬೇಗ ಬೇಗ ಎಂದು ಕೂಗಿದಳು, ಗುಡ್ಡೆ ಕರಗಲಿಲ್ಲ. ಆಮೇಲೆ ಪೂರಿಗಾಲಿ ಕಡೆಯ ಹುಡುಗಿಯ ಸರದಿ. ಇವಳು ಸ್ಟೂಲು ಎಳೆದುಕೊಂಡು ಆ ಹೆಂಗಸಿನ ಪಕ್ಕ ಕೂತಳು.

“ಏನಾಯ್ತಕ್ಕ?”

ಮಗುವಿಗೆ ಜ್ವರ, ಬಿಟ್ಟು ಬಂದಿದ್ದೇನೆ ಎಂದು ಆಕೆ ಕಣ್ಣೊರೆಸಿಕೊಂಡಳು. ಇವಳು ಅವಳನ್ನು ಗುಂಡಿ ಹಾಕುವ ಹಗುರ ಕೆಲಸಕ್ಕೆ ಕಳಿಸಿ, ಆ ಜಾಗದಲ್ಲಿ ತಾನೇ ಕೂತು ತೋಳು ಹಚ್ಚತೊಡಗಿದಳು. ಲೈನು ಮತ್ತೆ ಓಡಿತು. ಮ್ಯಾನೇಜರ್ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಅವರ ಕೈಯಲ್ಲಿ ಫೋನು ಇತ್ತು.

ನಾನು ಕಿಟಕಿಯ ಕಡೆ ತಿರುಗಿದೆ. ಗೇಟಿನಾಚೆ ಟೀ ಅಂಗಡಿಯ ಬೆಂಚಿನ ಮೇಲೆ, ಬೆಳಿಗ್ಗೆ ಮಗಳನ್ನು ಬಿಡಲು ಬಂದಿದ್ದ ಅಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದ. ಮೂರನೆಯ ಫೋನು ಇದೇ ಎಂದುಕೊಂಡೆ. ಮೆಟ್ಟಿಲು ಹೇಗೆ ಇಳಿದೆನೋ, ಗೇಟು ಹೇಗೆ ದಾಟಿದೆನೋ ನೆನಪಿಲ್ಲ.

“ಯಜಮಾನ್ರೇ, ಫೋನ್ ಇಡಿ.”

“ತಾಳಿ ಮೇಡಮ್ಮೋರೆ, ಮಂಡ್ಯದಲ್ಲಿ ಇನ್ನೂ ದೊಡ್ಡೋರೊಬ್ರವ್ರೆ. ಈಗ್ಲೇ ಒಂದ್ ಮಾತು ಏಳ್ತಾರಂತೆ.”

“ಅವರು ಹೇಳಿದರೆ ನಿಮ್ಮ ಮಗಳ ಕೆಲಸ ಹೋಗುತ್ತೆ.”

“ಏಳುಸ್ದೆ ಯಾರ್ ಕೊಟ್ಟಾರು? ಸುಮ್ಕೆ ಕುಂತ್ಕಂಡ್ರೆ ಆದದಾ?” ಅವನ ಕಣ್ಣಲ್ಲಿ ನೀರಾಡುತ್ತಿತ್ತು. “ನಾನವಳ್ಗೆ ಮಾತು ಕೊಟ್ಟಿವ್ನಿ ಕಣಮ್ಮ.”

ಇವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಫೋನನ್ನೇ ಕಿತ್ತುಕೊಂಡೆ. ಆ ಕಡೆ ಇದ್ದ ದೊಡ್ಡ ಮನುಷ್ಯರಿಗೆ, ಸ್ವಾಮಿ, ನೀವು ಫೋನು ಮಾಡದಿದ್ದರೆ ಹುಡುಗಿ ಬದುಕಿಕೊಳ್ಳುತ್ತಾಳೆ, ಕೈಮುಗಿಯುತ್ತೇನೆ ಎಂದೆ.

“ಮಾಡಕ್ಕಿಲ್ಲ ಬುಡಮ್ಮ, ನಂಗೇನು,” ಎಂದರು. ಇಟ್ಟುಬಿಟ್ಟರು.

ಊಟದ ಹೊತ್ತಿಗೆ ಮ್ಯಾನೇಜರ್ ನನ್ನ ಟೇಬಲ್ಲಿಗೆ ಬಂದು, “ಸ್ಟೂಲ್ ಎಳ್ಕೊಂಡು ಕೂತಳಲ್ಲ, ಅವಳೇ ಇರ್ಲಿ,” ಎಂದರು. ಆ ಲೀಡರುಗಳ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಕೆಲಸದ ಪತ್ರ ಕೊಟ್ಟು ಅವಳ ಜೊತೆಗೇ ಗೇಟಿನವರೆಗೆ ಬಂದೆ. ಅಪ್ಪ ಎರಡು ಕೈಯಲ್ಲೂ ಪತ್ರ ಹಿಡಿದುಕೊಂಡ, ಕಣ್ಣಿಗೊತ್ತಿಕೊಂಡ.

“ಆ ಮಂಡ್ಯದೋರ್ ಮಾತ್ನಾಗೆ ಸಕ್ತಿ ಅದೆ ಕಣವ್ವ,” ಎಂದ ಮಗಳಿಗೆ.

“ಅವರು ಫೋನೇ ಮಾಡಲಿಲ್ಲ ಯಜಮಾನ್ರೇ. ನಿಮ್ಮೆದುರಿಗೇ ಬೇಡ ಅಂದೆನಲ್ಲ. ನಿಮ್ಮ ಮಗಳ ಕೆಲಸ ನೋಡಿ ಕೊಟ್ಟಿದ್ದು,” ಎಂದೆ. ಸಿಟ್ಟು ತಡೆಯಲಾಗಲಿಲ್ಲ.

ನನ್ನನ್ನು ನೋಡಿ ನಕ್ಕ. ಚಿಕ್ಕವರು ತಿಳಿಯದೆ ಮಾತಾಡಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ.

“ನನ್ ಕೈಯಿಂದ ಆಯ್ತು ಕಣಪ್ಪ,” ಎಂದಳು ಮಗಳು. “ಬಾ, ಊರಿಗೋಗನ.”

“ನೀ ನಡಿಯವ್ವ. ನಾನ್ ಅವ್ರಿಗೊಂದ್ ಕೈ ಮುಗ್ದು ಬತ್ತೀನಿ.”

ಅವನು ಪತ್ರವನ್ನು ಜೇಬಿಗಿಟ್ಟುಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ಮಂಡ್ಯದ ಬಸ್ಸು ಹತ್ತಿದ. ಅವಳು ಈಚೆ ಬದಿಯಲ್ಲಿ ಮದ್ದೂರಿನ ಬಸ್ಸಿಗೆ ಬರಿಗೈಯಲ್ಲಿ ಕಾಯುತ್ತಾ ನಿಂತಳು.