ಗೋಣಿತಾಟು ತುಂಬಿದ ಬಾಗಿಲು

"ಈ ಹಳೇ ವ್ಯಾನಿನ ಬಾಗಿಲು ಬರೀ ತಗಡು ಕಣಕ್ಕ, ಹೊಸ ಸ್ಪೀಕರ್ ಹಾಕಿದ್ರೂ ಗಡಗಡ ಅಂತದೆ," ಎಂದು ಪಿರಿಯಾಪಟ್ಟಣದ ಅಂಗಡಿಯವನು ನಕ್ಕ. ಮೈ ಉರಿದುಹೋಯಿತು. ಅವನಿಂದಲೇ ಸ್ಪೀಕರ್ ಕೊಂಡು ತಂದು, ಅಂಗಳದಲ್ಲಿ ನಾನೇ ಬಾಗಿಲಿನ ಒಳಹಲಗೆ ಬಿಚ್ಚಿ ಕೂರಿಸಿದೆ. ಹಾಡು ಹಾಕಿದ್ದೇ ತಡ, ತಗಡು ಗಡಗಡ ಅಂದೇಬಿಟ್ಟಿತು.

ಹರಾಜಿಗೆ ಒಯ್ಯುವ ಹೊಗೆಸೊಪ್ಪಿಗೆ ಸುತ್ತುವ ಗೋಣಿತಾಟು ಮನೆಯಲ್ಲಿತ್ತು. ಅದನ್ನೇ ಮಡಿಸಿ, ದಬ್ಬಳದಲ್ಲಿ ಬಿಗಿಯಾಗಿ ಹೊಲಿದು, ತಗಡಿಗೂ ಹಲಗೆಗೂ ನಡುವೆ ತುರುಕಿದೆ.

ಮಾರನೇ ದಿನ ಹರಾಜಿಗೆ ಹೊರಟಾಗ ಪಕ್ಕದಲ್ಲಿದ್ದ ಮಾವ, "ಸೌಂಡ್ ಕಮ್ಮಿ ಮಾಡವ್ವ, ಜನ ನೋಡ್ತಾರೆ," ಅಂದರು.

"ನೋಡ್ಲಿ ಬುಡಿ ಮಾವ."

ಆ ಅಂಗಡಿ ಮುಂದೆ ವ್ಯಾನ್ ನಿಲ್ಲಿಸಿ, ಗಾಜು ಇಳಿಸಿ, ಸೌಂಡ್ ಪೂರ್ತಿ ಜೋರು ಮಾಡಿದೆ. ತಗಡು ಕಿಮಕ್ ಅನ್ನಲಿಲ್ಲ. ಅಂಗಡಿಯವನು ಎದ್ದು ಬಂದು ಬಾಗಿಲಿಗೆ ಕಿವಿಗೊಟ್ಟ.